ಹಲ್ಲುನೋವಿಗೆ ಲವಂಗದ ಎಣ್ಣೆ: ಹಚ್ಚುವ ಮುನ್ನ ಇದನ್ನೊಮ್ಮೆ ಓದಿ

ರಾತ್ರಿ ಹನ್ನೊಂದೂವರೆ. ದೆಹಲಿಯ ಬಾಡಿಗೆ ರೂಮು. ಕೆಳಗಿನ ಸಾಲಿನ ಕೊನೆಯ ದವಡೆ ಹಲ್ಲು ಸಂಜೆಯಿಂದಲೇ ಮಿಡಿಯುತ್ತಿತ್ತು, ಮಲಗಿದ ಮೇಲಂತೂ ತಲೆಯವರೆಗೂ ಎಳೆಯತೊಡಗಿತು. ಆ ಹೊತ್ತಿನಲ್ಲಿ ಯಾವ ದಂತವೈದ್ಯರು ಸಿಗುತ್ತಾರೆ? ಊರಿಗೆ ಫೋನ್ ಮಾಡಿದೆ.

"ಲವಂಗದ ಎಣ್ಣೆ ಇದ್ಯೇನೋ? ಹತ್ತಿಗೆ ಒಂದು ಹನಿ ಹಾಕಿ ಹಲ್ಲಿನ ಮೇಲೆ ಇಟ್ಕೊ. ನುಂಗ್ಬೇಡ ಮತ್ತೆ" ಎಂದರು ಅಮ್ಮ.

ಗಲ್ಲಿಯ ಮೆಡಿಕಲ್ ಸ್ಟೋರ್ ಇನ್ನೂ ತೆರೆದಿತ್ತು. ಪುಟ್ಟ ಸೀಸೆ ತಂದು, ಅಮ್ಮ ಹೇಳಿದ ಒಂದು ಹನಿಯ ಬದಲು ಹತ್ತಿ ತೊಯ್ಯುವಷ್ಟು ಸುರಿದು ಇಟ್ಟುಕೊಂಡೆ. ಮೊದಲು ಉರಿ, ಆಮೇಲೆ ಜೋಮು, ಹತ್ತು ನಿಮಿಷದಲ್ಲಿ ನೋವು ಮಾಯ. ರಾತ್ರಿಯಿಡೀ ಮೂರು ಸಲ ಹಾಗೆಯೇ ಮಾಡಿದೆ. ಬೆಳಗ್ಗೆ ಕನ್ನಡಿ ನೋಡಿದರೆ ಹಲ್ಲಿನ ಸುತ್ತ ವಸಡು ಬೆಳ್ಳಗೆ ಸುಟ್ಟಂತಾಗಿತ್ತು. ಹಲ್ಲುನೋವಿನ ಜೊತೆ ಈಗ ಬಾಯಿಹುಣ್ಣು. ದಂತವೈದ್ಯರು ನೋಡಿದವರೇ, "ಎಣ್ಣೆ ನೇರವಾಗಿ ಹಚ್ಚಿದ್ರಾ?" ಎಂದು ಕೇಳಿದರು.

ಲವಂಗದ ಎಣ್ಣೆ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಅಡುಗೆಮನೆಯ ಲವಂಗದಷ್ಟು ಸಾಧುವಲ್ಲ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರಂತೂ ಈ ವ್ಯತ್ಯಾಸ ತಿಳಿದಿರಲೇಬೇಕು. ಈ ಎಣ್ಣೆಯಲ್ಲಿ ಏನಿದೆ, ಎಲ್ಲಿ ಉಪಯೋಗ, ಎಲ್ಲಿ ಅಪಾಯ ಎಂಬುದನ್ನು ನೋಡೋಣ ಬನ್ನಿ.

ಲವಂಗ ಎಂದರೆ ಅರಳದ ಹೂವು

ನಾವು ಪಲಾವಿಗೆ ಹಾಕುವ ಲವಂಗ ಬೀಜವೂ ಅಲ್ಲ, ಕಾಯಿಯೂ ಅಲ್ಲ. ಅದು ಇನ್ನೂ ಅರಳದ ಹೂಮೊಗ್ಗು. ಮೊಗ್ಗು ಹಸಿರಿನಿಂದ ನಸುಗೆಂಪಿಗೆ ತಿರುಗುವಾಗ ಕೈಯಿಂದ ಬಿಡಿಸಿ, ಬಿಸಿಲಿನಲ್ಲಿ ನಾಲ್ಕೈದು ದಿನ ಒಣಗಿಸುತ್ತಾರೆ. ಒಣಗುವಾಗ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಕಡಿಮೆಯಾಗಿ, ಬಣ್ಣ ಕಂದು ಬಣ್ಣಕ್ಕೆ ತಿರುಗುತ್ತದೆ. ಅರಳಿಬಿಟ್ಟರೆ ಮಸಾಲೆಯಾಗಿ ಅದಕ್ಕೆ ಬೆಲೆಯಿಲ್ಲ.

ಇನ್ನೊಂದು ಸ್ವಾರಸ್ಯ: ಸಸ್ಯಶಾಸ್ತ್ರದ ಪ್ರಕಾರ ಲವಂಗದ ಮರ ನಮ್ಮ ನೇರಳೆ ಮತ್ತು ಪನ್ನೇರಳೆ ಮರಗಳ ಹತ್ತಿರದ ಸಂಬಂಧಿ. ಮೂರೂ 'ಸೈಜಿಜಿಯಂ' ಎಂಬ ಒಂದೇ ಕುಲಕ್ಕೆ ಸೇರಿದವು. ಸೀಬೆ ಮತ್ತು ನೀಲಗಿರಿ ಮರಗಳೂ ಇದೇ ದೊಡ್ಡ ಕುಟುಂಬದವು.

ಲವಂಗದ ತವರು ಇಂಡೋನೇಷ್ಯಾದ ಮಲುಕು ದ್ವೀಪಗಳು. ಅದರಲ್ಲೂ ಟೆರ್ನಾಟೆ, ಟಿಡೋರೆಯಂಥ ಕೆಲವೇ ಪುಟ್ಟ ದ್ವೀಪಗಳಲ್ಲಿ ಮಾತ್ರ ಒಂದು ಕಾಲಕ್ಕೆ ಇದು ಬೆಳೆಯುತ್ತಿತ್ತು. 17ನೇ ಶತಮಾನದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಬೆಲೆ ಕೈತಪ್ಪದಂತೆ ನೋಡಿಕೊಳ್ಳಲು ತಾನು ಗೊತ್ತುಮಾಡಿದ ಪ್ರದೇಶದ ಹೊರಗಿನ ಲವಂಗದ ಮರಗಳನ್ನೇ ಕಡಿಸಿ ಹಾಕಿತ್ತು. 1770ರ ಸುಮಾರಿಗೆ ಫ್ರೆಂಚ್ ಅಧಿಕಾರಿ ಪಿಯರ್ ಪುವಾವ್ರ್ ಸಸಿಗಳನ್ನು ಗುಟ್ಟಾಗಿ ಮಾರಿಷಸ್‌ಗೆ ತರಿಸಿದ ಮೇಲೆ ಆ ಏಕಸ್ವಾಮ್ಯ ಮುರಿಯಿತು. ಮುಂದೆ ಜಾಂಜಿಬಾರ್ ಲವಂಗದ ದ್ವೀಪವೆಂದೇ ಹೆಸರಾಯಿತು.

ಭಾರತಕ್ಕೆ ಲವಂಗದ ಕೃಷಿ ಬಂದದ್ದು 1800ರ ಸುಮಾರಿಗೆ. ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿ ತಮಿಳುನಾಡಿನ ಕುಟ್ರಾಲಂನ ತನ್ನ ಮಸಾಲೆ ತೋಟದಲ್ಲಿ ಇದನ್ನು ನೆಡಿಸಿತು. ಈಗ ಕನ್ಯಾಕುಮಾರಿ, ನೀಲಗಿರಿ ಮತ್ತು ಕೇರಳದ ದಕ್ಷಿಣದ ಜಿಲ್ಲೆಗಳು ಮುಖ್ಯ ಪ್ರದೇಶಗಳು. ಕನ್ಯಾಕುಮಾರಿ ಲವಂಗಕ್ಕೆ 2021ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ನಮ್ಮ ದಕ್ಷಿಣ ಕನ್ನಡದಲ್ಲೂ ಅಡಿಕೆ ತೋಟದ ನಡುವೆ ಲವಂಗ ಬೆಳೆಯುವವರಿದ್ದಾರೆ.

ಎಣ್ಣೆ ಹೇಗೆ ಬರುತ್ತದೆ?

ಕಡಲೆಕಾಯಿ, ಎಳ್ಳಿನಂತೆ ಲವಂಗವನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆಯುವುದಿಲ್ಲ. ಲವಂಗವನ್ನು ಜಜ್ಜಿ ಅದರ ಮೂಲಕ ನೀರಿನ ಹಬೆ ಹಾಯಿಸುತ್ತಾರೆ. ಹಬೆಯ ಜೊತೆ ಎಣ್ಣೆಯ ಆವಿಯೂ ಹೊರಡುತ್ತದೆ. ತಂಪಾದಾಗ ನೀರು ಮತ್ತು ಎಣ್ಣೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ಇಲ್ಲೊಂದು ವಿಶೇಷವಿದೆ. ಹೆಚ್ಚಿನ ಸುಗಂಧ ತೈಲಗಳು ನೀರಿನ ಮೇಲೆ ತೇಲಿದರೆ, ಲವಂಗದ ಎಣ್ಣೆ ನೀರಿಗಿಂತ ಭಾರ. ಹೀಗಾಗಿ ತಳಕ್ಕೆ ಇಳಿಯುತ್ತದೆ.

ಒಳ್ಳೆಯ ಒಣ ಲವಂಗದಲ್ಲಿ ಶೇ. 15ರಿಂದ 20ರಷ್ಟು ಎಣ್ಣೆ ಇರುತ್ತದೆ. ಮಸಾಲೆ ಪದಾರ್ಥಗಳಲ್ಲಿ ಇದು ಬಹಳ ದೊಡ್ಡ ಪ್ರಮಾಣ. ಒಂದು ಸರಳ ಲೆಕ್ಕ ಹಾಕೋಣ. 5 ಮಿಲಿ ಸೀಸೆಯಲ್ಲಿರುವ ಎಣ್ಣೆ ತೆಗೆಯಲು ಸುಮಾರು 30 ಗ್ರಾಂ ಲವಂಗ ಬೇಕು. ಒಂದು ಲವಂಗ ಹೆಚ್ಚುಕಡಿಮೆ 0.1 ಗ್ರಾಂ ತೂಗುತ್ತದೆ ಎಂದುಕೊಂಡರೆ, ಆ ಪುಟ್ಟ ಸೀಸೆಯಲ್ಲಿರುವುದು ಸುಮಾರು 300 ಲವಂಗದ ಸಾರ! ಒಂದು ಹನಿ ಎಂದರೆ ಮೂರು ಲವಂಗ. ಇಡೀ ಮನೆಗೆ ಮಾಡುವ ಪಲಾವಿಗೆ ನಾವು ಹಾಕುವುದು ನಾಲ್ಕೈದು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಎಣ್ಣೆ ತೆಗೆದ ಮೇಲೆ ಉಳಿಯುವ ಸತ್ವಹೀನ ಲವಂಗವನ್ನು ಒಳ್ಳೆಯದರ ಜೊತೆ ಬೆರೆಸಿ ಮಾರುವವರೂ ಇದ್ದಾರೆ. ಇದನ್ನು ಪತ್ತೆಹಚ್ಚಲು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಒಂದು ಸುಲಭ ಉಪಾಯ ಹೇಳಿದೆ. ಒಂದು ಲೋಟ ನೀರಿಗೆ ನಾಲ್ಕು ಲವಂಗ ಹಾಕಿ. ಸತ್ವವಿರುವ ಲವಂಗ ಕೆಳಗಿಳಿಯುತ್ತದೆ, ಎಣ್ಣೆ ಹಿಂಡಿದ ಲವಂಗ ಮೇಲೆ ತೇಲುತ್ತದೆ.

ನೋವು ನಿಲ್ಲಿಸುವುದು ಯೂಜಿನಾಲ್

ಲವಂಗದ ಎಣ್ಣೆಯಲ್ಲಿ ಶೇ. 70ರಿಂದ 90ರಷ್ಟು ಇರುವುದು ಯೂಜಿನಾಲ್ ಎಂಬ ಒಂದೇ ರಾಸಾಯನಿಕ. ಲವಂಗದ ಆ ಘಾಟು ವಾಸನೆ ಇದರದ್ದೇ. ಉಳಿದದ್ದು ಯೂಜಿನೈಲ್ ಅಸಿಟೇಟ್, ಬೀಟಾ ಕ್ಯಾರಿಯೊಫಿಲೀನ್ ಮುಂತಾದವು.

ಯೂಜಿನಾಲ್ ಹಲ್ಲುನೋವಿಗೆ ಹೇಗೆ ಕೆಲಸ ಮಾಡುತ್ತದೆ? ನೋವಿನ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುವುದು ವಿದ್ಯುತ್ ಸಂಕೇತವಾಗಿ. ಆ ಸಂಕೇತ ಹುಟ್ಟಬೇಕಾದರೆ ನರಕೋಶದ ಪುಟ್ಟ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗಬೇಕು. ಯೂಜಿನಾಲ್ ಆ ಬಾಗಿಲುಗಳನ್ನು ಮುಚ್ಚಿಸುತ್ತದೆ. ದಂತವೈದ್ಯರು ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಮಾಡುವುದೂ ಮುಖ್ಯವಾಗಿ ಇದನ್ನೇ. ಇದರ ಜೊತೆಗೆ, ಊತ ಮತ್ತು ನೋವು ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್‌ಗಳ ತಯಾರಿಕೆಯನ್ನೂ ಯೂಜಿನಾಲ್ ತಗ್ಗಿಸುತ್ತದೆ.

ಹಚ್ಚಿದ ಕೂಡಲೇ ಉರಿಯುವುದೇಕೆ? ಮೆಣಸಿನಕಾಯಿಯ ಖಾರವನ್ನು ಗುರುತಿಸುವ ಗ್ರಾಹಕಗಳನ್ನೇ ಯೂಜಿನಾಲ್ ಮೊದಲು ಕೆರಳಿಸುತ್ತದೆ. ಅದಕ್ಕೇ ಮೊದಲು ಉರಿ, ಬಳಿಕ ಜೋಮು.

ಇದು ಬರೀ ಅಜ್ಜಿ ಮದ್ದಿನ ನಂಬಿಕೆಯಲ್ಲ. 2006ರಲ್ಲಿ ಕುವೈತ್‌ನ ಸಂಶೋಧಕರು 73 ವಯಸ್ಕರ ಮೇಲೆ ಒಂದು ಪ್ರಯೋಗ ನಡೆಸಿದರು. ಬಾಯಿಗೆ ಸೂಜಿ ಚುಚ್ಚುವ ಮೊದಲು ಕೆಲವೆಡೆ ಲವಂಗದ ಪುಡಿ ಮತ್ತು ಗ್ಲಿಸರಿನ್ ಬೆರೆಸಿದ ಜೆಲ್, ಕೆಲವೆಡೆ ಬೆಂಜೊಕೇನ್ ಎಂಬ ಔಷಧ, ಕೆಲವೆಡೆ ಔಷಧವಿಲ್ಲದ ಜೆಲ್ ಹಚ್ಚಿದರು. ನೋವು ತಗ್ಗಿಸುವುದರಲ್ಲಿ ಲವಂಗದ ಜೆಲ್ ಮತ್ತು ಬೆಂಜೊಕೇನ್ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಔಷಧವಿಲ್ಲದ ಜೆಲ್‌ಗಿಂತ ಮೇಲಾಗಿದ್ದವು.

ದಂತ ಚಿಕಿತ್ಸಾಲಯದ ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿಯುವ ವಾಸನೆಯೂ ಬಹುಪಾಲು ಯೂಜಿನಾಲ್‌ನದ್ದೇ. ಸತುವಿನ ಆಕ್ಸೈಡ್ ಪುಡಿಯನ್ನು ಯೂಜಿನಾಲ್ ಜೊತೆ ಕಲಸಿದರೆ ಗಟ್ಟಿಯಾಗುವ ಸಿಮೆಂಟ್ ಸಿಗುತ್ತದೆ. ಹಲ್ಲಿನ ತಾತ್ಕಾಲಿಕ ಫಿಲ್ಲಿಂಗ್‌ಗೆ ಇದನ್ನು 19ನೇ ಶತಮಾನದ ಕೊನೆಯಿಂದಲೂ ಬಳಸುತ್ತಿದ್ದಾರೆ.

ನೋವು ಹೋದರೆ ರೋಗ ಹೋದಂತಲ್ಲ

ಹುಳುಕು ಹಲ್ಲಿನಲ್ಲಿ ಬ್ಯಾಕ್ಟೀರಿಯಾಗಳು ತಯಾರಿಸುವ ಆಮ್ಲ ಹಲ್ಲಿನ ಹೊರಪದರವನ್ನು ಕರಗಿಸಿ ಒಳಗಿನ ನರದವರೆಗೆ ದಾರಿ ಮಾಡಿರುತ್ತದೆ. ಲವಂಗದ ಎಣ್ಣೆ ಆ ನರವನ್ನು ಕೆಲವು ಹೊತ್ತು ಮಲಗಿಸಬಹುದು, ಆದರೆ ತೂತು ಮುಚ್ಚುವುದಿಲ್ಲ. ಬೇರಿನ ತುದಿಯಲ್ಲಿ ಕಟ್ಟಿದ ಕೀವೂ ಇದರಿಂದ ಹೋಗುವುದಿಲ್ಲ. ನೋವು ನಿಂತಿತೆಂದು ತಿಂಗಳುಗಟ್ಟಲೆ ಮುಂದೂಡಿದರೆ ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯಬೇಕಿದ್ದುದು ರೂಟ್ ಕೆನಾಲ್‌ಗೆ ಅಥವಾ ಹಲ್ಲು ಕೀಳಿಸುವವರೆಗೆ ಹೋಗುತ್ತದೆ.

ಕೆನ್ನೆ ಅಥವಾ ಕುತ್ತಿಗೆ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಎಣ್ಣೆ ಸೀಸೆ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದರೆ ಜೀವಕ್ಕೇ ಅಪಾಯ.

ಹಲ್ಲಿಗೆ ಹಚ್ಚುವ ಸರಿಯಾದ ಕ್ರಮ

1. ಎಣ್ಣೆಯನ್ನು ನೇರವಾಗಿ ಹಚ್ಚಬೇಡಿ. ಅರ್ಧ ಟೀ ಚಮಚ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಗೆ ಒಂದು ಹನಿ ಲವಂಗದ ಎಣ್ಣೆ ಬೆರೆಸಿ.

2. ಪುಟ್ಟ ಹತ್ತಿ ಉಂಡೆ ಅಥವಾ ಇಯರ್ ಬಡ್ ಅದ್ದಿ, ಚೆನ್ನಾಗಿ ಹಿಂಡಿ, ನೋಯುವ ಹಲ್ಲಿಗೆ ಮಾತ್ರ ತಾಗಿಸಿ. ವಸಡು, ನಾಲಿಗೆ, ಕೆನ್ನೆಯ ಒಳಭಾಗಕ್ಕೆ ಹರಡದಂತೆ ನೋಡಿಕೊಳ್ಳಿ.

3. ಕೆಲವು ನಿಮಿಷಗಳ ಬಳಿಕ ಹತ್ತಿ ತೆಗೆದು, ಉಗುಳಿ, ನೀರಿನಿಂದ ಬಾಯಿ ಮುಕ್ಕಳಿಸಿ. ನುಂಗಬೇಡಿ. ಹತ್ತಿ ಇಟ್ಟುಕೊಂಡು ನಿದ್ದೆ ಹೋಗಬೇಡಿ.

4. ಪದೇ ಪದೇ ಹಚ್ಚುತ್ತಿದ್ದರೆ ವಸಡಿನ ಜೀವಕೋಶಗಳು ಸುಡುತ್ತವೆ. ನನಗಾದದ್ದು ಇದೇ. ಒಂದೆರಡು ಸಲಕ್ಕೆ ನೋವು ಬಗ್ಗದಿದ್ದರೆ ವೈದ್ಯರೇ ದಾರಿ.

5. ಎಣ್ಣೆ ಸಿಗದಿದ್ದರೆ ಒಂದು ಲವಂಗವನ್ನು ನೋಯುವ ಹಲ್ಲಿನ ಬಳಿ ಇಟ್ಟು ಮೆಲ್ಲಗೆ ಕಚ್ಚಿಕೊಳ್ಳಿ. ಪರಿಣಾಮ ನಿಧಾನ, ಆದರೆ ಸುಡುವ ಭಯ ಕಡಿಮೆ.

6. ದಂತವೈದ್ಯರ ಬಳಿ ಹೋದಾಗ ಲವಂಗದ ಎಣ್ಣೆ ಹಚ್ಚಿದ್ದನ್ನು ಮರೆಯದೆ ಹೇಳಿ. ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್ ಸರಿಯಾಗಿ ಗಟ್ಟಿಯಾಗಲು ಯೂಜಿನಾಲ್ ಅಡ್ಡಿಪಡಿಸುತ್ತದೆ.

ಮಕ್ಕಳಿರುವ ಮನೆಯವರೇ, ಇದನ್ನು ತಪ್ಪದೆ ಓದಿ

ಹಲ್ಲು ಬರುವ ಕೂಸಿನ ವಸಡಿಗೆ ಲವಂಗದ ಎಣ್ಣೆ ಸವರುವ ರೂಢಿ ಕೆಲವು ಮನೆಗಳಲ್ಲಿದೆ. ದಯವಿಟ್ಟು ಬೇಡ. ಯಾಕೆಂದು ಲೆಕ್ಕದಲ್ಲೇ ನೋಡಿ.

ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞರ ಸಮಿತಿ 1982ರಲ್ಲಿ ಯೂಜಿನಾಲ್‌ಗೆ ಒಂದು ಮಿತಿ ಗೊತ್ತುಮಾಡಿತು. ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 2.5 ಮಿಲಿಗ್ರಾಂ. ಅಂದರೆ 10 ಕಿಲೋ ತೂಗುವ ಮಗುವಿಗೆ ದಿನಕ್ಕೆ 25 ಮಿಲಿಗ್ರಾಂ. ಲವಂಗದ ಎಣ್ಣೆಯ ಒಂದೇ ಹನಿಯಲ್ಲಿ ಸುಮಾರು 40 ಮಿಲಿಗ್ರಾಂ ಯೂಜಿನಾಲ್ ಇರುತ್ತದೆ. ಇದು ಜೀವನವಿಡೀ ದಿನವೂ ಸೇವಿಸಿದರೂ ತೊಂದರೆಯಾಗದ ಮಿತಿ. ಹಾಗಾಗಿ ಒಂದು ಸಲ ಒಂದು ಹನಿ ಹೊಟ್ಟೆಗೆ ಹೋದ ಮಾತ್ರಕ್ಕೆ ವಿಷವಾಯಿತೆಂದು ಗಾಬರಿಯಾಗಬೇಕಿಲ್ಲ. ಆದರೆ 5 ಮಿಲಿ ಸೀಸೆ ಪೂರ್ತಿ ಹೋದರೆ? ಅದರಲ್ಲಿ ಸುಮಾರು 4,000 ಮಿಲಿಗ್ರಾಂ ಇರುತ್ತದೆ.

ಇದು ಬರೀ ಲೆಕ್ಕದ ಮಾತಲ್ಲ. 1993ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಎರಡು ವರ್ಷದ ಬಾಲಕನ ಪ್ರಕರಣ ವರದಿಯಾಯಿತು. ಆತ ಕುಡಿದಿದ್ದು 5ರಿಂದ 10 ಮಿಲಿ ಲವಂಗದ ಎಣ್ಣೆ. ಪ್ರಜ್ಞೆ ತಪ್ಪಿತು, ಫಿಟ್ಸ್ ಬಂತು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಏರುಪೇರಾಯಿತು, ಯಕೃತ್ತಿಗೆ ಪೆಟ್ಟಾಯಿತು. ತೀವ್ರ ಚಿಕಿತ್ಸೆಯ ಬಳಿಕ ಆತ ಚೇತರಿಸಿಕೊಂಡ. ಯಕೃತ್ತು ಹೀಗೆ ಹಾನಿಗೊಳ್ಳುವುದು ಪ್ಯಾರಾಸಿಟಮಾಲ್ ಮಿತಿಮೀರಿ ಸೇವಿಸಿದಾಗ ಆಗುವ ಹಾನಿಯನ್ನು ಹೋಲುತ್ತದೆ. ಹಾಗಾಗಿ ಪ್ಯಾರಾಸಿಟಮಾಲ್ ವಿಷಕ್ಕೆ ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಔಷಧವನ್ನೇ ಇಂಥ ಮಕ್ಕಳಿಗೂ ಕೊಟ್ಟ ಉದಾಹರಣೆಗಳಿವೆ.

ಮಗು ಎಣ್ಣೆ ಕುಡಿದಿದೆ ಎಂಬ ಅನುಮಾನ ಬಂದರೆ ಹೀಗೆ ಮಾಡಿ:

* ವಾಂತಿ ಮಾಡಿಸಲು ಹೋಗಬೇಡಿ. ಬಾಯಿಗೆ ಬೆರಳು ಹಾಕುವುದು, ಉಪ್ಪುನೀರು ಕುಡಿಸುವುದು ಬೇಡ. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು.

* ಮಗು ಚೆನ್ನಾಗಿಯೇ ಆಡಿಕೊಂಡಿದ್ದರೂ ಕಾಯುತ್ತ ಕೂರಬೇಡಿ. ಯಕೃತ್ತಿನ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

* 112ಕ್ಕೆ ಕರೆ ಮಾಡಿ ಅಥವಾ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸೀಸೆಯನ್ನು ಜೊತೆಯಲ್ಲೇ ಒಯ್ಯಿರಿ. ಎಷ್ಟು ಕುಡಿದಿದೆ ಎಂದು ವೈದ್ಯರು ಅಂದಾಜು ಮಾಡಲು ಅದು ಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವೂ ಫೋನಿನಲ್ಲಿ ಸಲಹೆ ನೀಡುತ್ತದೆ.

ಎಲ್ಲಕ್ಕಿಂತ ಮೊದಲು, ಸೀಸೆಯನ್ನು ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಬೀಗ ಹಾಕಿಡಿ. ಗ್ರೈಪ್ ವಾಟರ್, ಕೆಮ್ಮಿನ ಸಿರಪ್ ಸೀಸೆಗಳ ಪಕ್ಕದಲ್ಲಂತೂ ಇಡಲೇಬೇಡಿ. ರಾತ್ರಿ ನಿದ್ದೆಗಣ್ಣಿನಲ್ಲಿ ದೊಡ್ಡವರ ಕೈಯೇ ತಪ್ಪಬಹುದು.

ಇನ್ಯಾರು ಎಚ್ಚರ ವಹಿಸಬೇಕು?

ಯೂಜಿನಾಲ್ ರಕ್ತದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದನ್ನು ತಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಹೀಗಾಗಿ ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿರುವವರು ಲವಂಗದ ಎಣ್ಣೆಯನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬೇಡಿ. ಅಡುಗೆಯಲ್ಲಿ ಹಾಕುವ ಲವಂಗಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಚರ್ಮಕ್ಕೂ ಇದು ತೀಕ್ಷ್ಣವೇ. ಕೆಲವರಿಗೆ ಯೂಜಿನಾಲ್ ಅಲರ್ಜಿ ಇರುತ್ತದೆ. ಯುರೋಪಿನಲ್ಲಿ ಸೌಂದರ್ಯವರ್ಧಕಗಳಲ್ಲಿ ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಯೂಜಿನಾಲ್ ಇದ್ದರೆ ಲೇಬಲ್ ಮೇಲೆ ಹೆಸರು ಹಾಕುವುದು ಕಡ್ಡಾಯ. ಮೊಡವೆಗೆ ನೇರವಾಗಿ ಲವಂಗದ ಎಣ್ಣೆ ಹಚ್ಚಿ ಎನ್ನುವ ರೀಲ್ಸ್ ನೋಡಿ ಮುಖ ಸುಟ್ಟುಕೊಳ್ಳಬೇಡಿ. ಮೈಗೆ ಹಚ್ಚುವುದಾದರೆ ಶೇ. 0.5ಕ್ಕಿಂತ ಹೆಚ್ಚಿರಬಾರದು ಎಂಬುದು ಸುಗಂಧ ತೈಲ ತಜ್ಞರ ಸಲಹೆ. ಅಂದರೆ ಎರಡು ಟೀ ಚಮಚ ಕೊಬ್ಬರಿ ಎಣ್ಣೆಗೆ ಒಂದು ಹನಿ.

ಬೆಕ್ಕು ಸಾಕಿದವರಿಗೊಂದು ಮಾತು. ಯೂಜಿನಾಲ್‌ನಂಥ ಫೀನಾಲ್ ಬಗೆಯ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಬೆಕ್ಕಿರುವ ಕೋಣೆಯಲ್ಲಿ ಲವಂಗದ ಎಣ್ಣೆಯ ಡಿಫ್ಯೂಸರ್ ಬೇಡ.

ವಾಟ್ಸ್‌ಆ್ಯಪ್ ಹೇಳುವುದರಲ್ಲಿ ಎಷ್ಟು ನಿಜ?

ಆಮ್ಲಜನಕ ಹೆಚ್ಚುತ್ತದೆಯೇ? 2021ರ ಏಪ್ರಿಲ್‌ನಲ್ಲಿ ಕೋವಿಡ್ ಎರಡನೇ ಅಲೆ ಉಕ್ಕಿದಾಗ, ಕರ್ಪೂರ, ಲವಂಗ, ಓಮದ ಗಂಟು ಕಟ್ಟಿ ನೀಲಗಿರಿ ಎಣ್ಣೆ ಹಾಕಿ ಮೂಸಿದರೆ ಆಕ್ಸಿಜನ್ ಮಟ್ಟ ಏರುತ್ತದೆ ಎಂಬ ಸಂದೇಶ ಎಲ್ಲರ ಮೊಬೈಲಿಗೂ ಬಂದಿತ್ತು. ಘಾಟು ವಾಸನೆಯಿಂದ ಮೂಗು ತೆರೆದಂತೆ ಅನಿಸಬಹುದು. ಆದರೆ ರಕ್ತದ ಆಮ್ಲಜನಕ ಅದರಿಂದ ಏರುವುದಿಲ್ಲ. ಉಸಿರಾಟದ ತೊಂದರೆ ಇರುವವರನ್ನು ಗಂಟು ಮೂಸುತ್ತ ಮನೆಯಲ್ಲಿ ಕೂರಿಸುವುದು ಅಮೂಲ್ಯ ಸಮಯ ಕಳೆದಂತೆ.

ಸೊಳ್ಳೆ ಓಡಿಸುತ್ತದೆಯೇ? ಸ್ವಲ್ಪ ಮಟ್ಟಿಗೆ ಹೌದು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 38 ಸಸ್ಯಜನ್ಯ ತೈಲಗಳನ್ನು ಹೋಲಿಸಿದಾಗ ಲವಂಗದ ಎಣ್ಣೆ ಮುಂಚೂಣಿಯಲ್ಲಿತ್ತು, ಎರಡರಿಂದ ನಾಲ್ಕು ಗಂಟೆ ಸೊಳ್ಳೆ ಕಚ್ಚದಂತೆ ತಡೆಯಿತು. ಆದರೆ ಅದು ಏನೂ ಬೆರೆಸದ ಎಣ್ಣೆಯ ಫಲಿತಾಂಶ. ಅಷ್ಟು ತೀಕ್ಷ್ಣವಾದದ್ದನ್ನು ಮೈಗೆ, ಅದರಲ್ಲೂ ಮಕ್ಕಳ ಮೈಗೆ, ಹಚ್ಚುವಂತಿಲ್ಲ. ಡೆಂಗ್ಯೂ ಕಾಲದಲ್ಲಿ ಸೊಳ್ಳೆಪರದೆಯೇ ಮೇಲು.

ಸಕ್ಕರೆ ಕಾಯಿಲೆ, ಕ್ಯಾನ್ಸರ್, ಕೂದಲು ಉದುರುವಿಕೆ? ಪ್ರಯೋಗಾಲಯದ ತಟ್ಟೆಯಲ್ಲಿ ಯೂಜಿನಾಲ್ ಅನೇಕ ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ಕೊಲ್ಲುತ್ತದೆ, ಕೆಲವು ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತದೆ. ಆದರೆ ತಟ್ಟೆಯಲ್ಲಿ ಕೊಲ್ಲುವಷ್ಟು ಪ್ರಮಾಣ ದೇಹದೊಳಗೆ ಹೋದರೆ ನಮ್ಮ ಜೀವಕೋಶಗಳೂ ಸಾಯುತ್ತವೆ. ಇಂಥ ಕಾಯಿಲೆಗಳಿಗೆ ಲವಂಗದ ಎಣ್ಣೆ ಚಿಕಿತ್ಸೆ ಎನ್ನಲು ಮನುಷ್ಯರ ಮೇಲಿನ ಗಟ್ಟಿ ಪುರಾವೆಯಿಲ್ಲ. ನಡೆಯುತ್ತಿರುವ ಔಷಧ ನಿಲ್ಲಿಸಬೇಡಿ.

ಹಲ್ಲಿನಾಚೆಗೂ ಕೆಲಸವಿದೆ

ಮೀನುಗಳ ತೂಕ, ಅಳತೆ ನೋಡುವಾಗ ಅವು ಒದ್ದಾಡದಂತೆ ಸಂಶೋಧಕರು ನೀರಿಗೆ ತುಸು ಲವಂಗದ ಎಣ್ಣೆ ಬೆರೆಸಿ ಅವಕ್ಕೆ ಮಂಪರು ಬರಿಸುತ್ತಾರೆ. ಜಪಾನಿನಲ್ಲಿ ಕತ್ತಿಗಳಿಗೆ ತುಕ್ಕು ಹಿಡಿಯದಂತೆ ಸವರುವ ಸಾಂಪ್ರದಾಯಿಕ ಎಣ್ಣೆಗೆ ಲವಂಗದ ಪರಿಮಳವಿರುತ್ತದೆ. ಐಸ್‌ಕ್ರೀಮಿನ ವೆನಿಲ್ಲಾ ಪರಿಮಳ ಕೊಡುವ ವೆನಿಲಿನ್ ಅನ್ನು ಒಂದು ಕಾಲದಲ್ಲಿ ಕಾರ್ಖಾನೆಗಳು ತಯಾರಿಸುತ್ತಿದ್ದುದು ಲವಂಗದ ಯೂಜಿನಾಲ್‌ನಿಂದಲೇ. ಟೂತ್‌ಪೇಸ್ಟ್, ಮೌತ್‌ವಾಶ್, ನೋವಿನ ಮುಲಾಮು, ಸೋಪು, ಅತ್ತರುಗಳಲ್ಲೂ ಇದು ಇದೆ. ಇಂಡೋನೇಷ್ಯಾದಲ್ಲಿ ಬೆಳೆಯುವ ಲವಂಗದ ದೊಡ್ಡ ಪಾಲು ಹೋಗುವುದು ಅಡುಗೆಗಲ್ಲ, 'ಕ್ರೆಟೆಕ್' ಎಂಬ ಲವಂಗದ ಸಿಗರೇಟಿಗೆ. ನಮ್ಮಲ್ಲಂತೂ ಊಟದ ಬಳಿಕ ಬೀಡಾಕ್ಕೆ ಚುಚ್ಚಿದ ಲವಂಗ ಬಾಯಿಯ ದುರ್ವಾಸನೆ ಕಳೆಯುವ ಹಳೆಯ ಉಪಾಯ.

ಕೊಳ್ಳುವಾಗ ಏನು ನೋಡಬೇಕು?

ಬೇರೆ ರಾಜ್ಯದಲ್ಲಿದ್ದೀರಾ? ಅಂಗಡಿಯಲ್ಲಿ ಹಿಂದಿಯಲ್ಲಿ 'ಲೌಂಗ್ ಕಾ ತೇಲ್', ಮರಾಠಿಯಲ್ಲಿ 'ಲವಂಗಾಚೆ ತೇಲ್', ತಮಿಳಿನಲ್ಲಿ 'ಕಿರಾಂಬು ತೈಲಂ', ತೆಲುಗಿನಲ್ಲಿ 'ಲವಂಗ ನೂನೆ' ಎಂದು ಕೇಳಿ.

ಲೇಬಲ್ ಓದಿ. ಮೊಗ್ಗಿನ ಎಣ್ಣೆ, ಎಲೆಯ ಎಣ್ಣೆ, ತೊಟ್ಟಿನ ಎಣ್ಣೆ ಎಂದು ಮೂರು ಬಗೆಗಳಿವೆ. ಎಲೆ ಮತ್ತು ತೊಟ್ಟಿನವು ಅಗ್ಗ, ಮೊಗ್ಗಿನ ಎಣ್ಣೆಗೆ ಬೆರಕೆಯಾಗುವುದೂ ಅವೇ. ಹಲ್ಲಿಗೆ ಬೇಕಿದ್ದರೆ ಔಷಧಿ ಅಂಗಡಿಯಲ್ಲಿ, ತಯಾರಿಕಾ ಪರವಾನಗಿ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಇರುವ ಸೀಸೆಯನ್ನೇ ಕೊಳ್ಳಿ. ಡಿಫ್ಯೂಸರ್‌ಗೆಂದು ಮಾರುವ ಸುಗಂಧದ ಎಣ್ಣೆ ಬಾಯಿಗೆ ಹಾಕುವಂಥದ್ದಲ್ಲ. ಬಣ್ಣದ ಗಾಜಿನ ಸೀಸೆಯಲ್ಲಿ, ಬಿಸಿಲು ಬೀಳದ ಕಡೆ ಇಡಿ. ಪ್ಲಾಸ್ಟಿಕ್ ಡಬ್ಬಿಗೆ ಸುರಿದಿಡಬೇಡಿ, ಕೆಲವು ಪ್ಲಾಸ್ಟಿಕ್‌ಗಳನ್ನು ಈ ಎಣ್ಣೆ ಮೆತ್ತಗಾಗಿಸುತ್ತದೆ.

ಅಂದಹಾಗೆ, ನನ್ನ ಹಲ್ಲಿಗೆ ಕೊನೆಗೆ ರೂಟ್ ಕೆನಾಲ್ ಆಯಿತು. ಮೂರು ತಿಂಗಳ ಹಿಂದೆ ತಣ್ಣೀರು ಕುಡಿದಾಗ ಜುಂ ಎಂದಿತ್ತು, ಆಗಲೇ ಬಂದಿದ್ದರೆ ಫಿಲ್ಲಿಂಗ್‌ನಲ್ಲೇ ಮುಗಿಯುತ್ತಿತ್ತು ಎಂದರು ವೈದ್ಯರು. ಅಮ್ಮನಿಗೆ ಹೇಳಿದರೆ, "ನಾನು ಒಂದು ಹನಿ ಅಂದಿದ್ದೆ, ಬೆಳಗ್ಗೆ ಡಾಕ್ಟ್ರ ಹತ್ರ ಹೋಗು ಅಂತ ಬೇರೆ ಹೇಳ್ಬೇಕಿತ್ತಾ?" ಎಂದು ಬೈದರು. ಸೀಸೆ ಇನ್ನೂ ನನ್ನ ಬಳಿ ಇದೆ. ಪಕ್ಕದ ಮನೆಯ ಮೂರು ವರ್ಷದ ಪುಟಾಣಿ ಆಗಾಗ ಆಡಲು ಬರುತ್ತಾಳೆ. ಹಾಗಾಗಿ ಅದು ಈಗ ಕಪಾಟಿನ ಮೇಲಿನ ಖಾನೆಯಲ್ಲಿ, ಬೀಗದೊಳಗೆ ಇದೆ.